ಕಾಸರಗೋಡಿನ ಮನೆಯೊಳಗೊಂದು ಉಪ್ಪುನೀರಿನ ಟ್ಯಾಂಕ್

ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇದೆ ಅಂದರೆ ಎಲ್ಲರೂ ಹೇಳುವುದು ಒಂದೇ. "ನಿಮಗೇನು, ಕಡಲು ಪಕ್ಕದಲ್ಲೇ ಉಂಟಲ್ಲ, ಬಾಲ್ದಿಯಲ್ಲಿ ತಂದು ಹೊಯ್ದರಾಯಿತು!" ತರುತ್ತೇನೆ, ಹೌದು. ಆದರೆ ವರ್ಷವಿಡೀ ಅಲ್ಲ.

ಜನವರಿಯಿಂದ ಏಪ್ರಿಲ್‌ವರೆಗೆ ಕಡಲ ನೀರು ಚೆನ್ನಾಗಿರುತ್ತದೆ. ಭರತ ಪೂರ್ತಿ ಏರಿದಾಗ, ಅಳಿವೆಯಿಂದ ದೂರ, ದೋಣಿ ನಿಲ್ಲದ ಜಾಗ ನೋಡಿ ತುಂಬಿಸುತ್ತೇನೆ. ಡೀಸೆಲ್ ವಾಸನೆ ಬಂದರೆ ಆ ನೀರು ಬೇಡವೇ ಬೇಡ. ಮನೆಗೆ ತಂದು ದಪ್ಪ ಬಟ್ಟೆಯಲ್ಲಿ ಸೋಸಿ, ಮುಚ್ಚಳ ಹಾಕಿದ ಡ್ರಮ್ಮಿನಲ್ಲಿ ಕತ್ತಲೆಯಲ್ಲಿ ಒಂದೆರಡು ವಾರ ಬಿಡುತ್ತೇನೆ. ಕೆಸರು ತಳಕ್ಕೆ ಕೂರುತ್ತದೆ, ಮೇಲಿನ ನೀರನ್ನಷ್ಟೇ ಬಳಸುತ್ತೇನೆ.

ಜೂನ್ ಬಂದರೆ ಇದೆಲ್ಲ ಬಂದ್. ಚಂದ್ರಗಿರಿ, ಶಿರಿಯ, ಉಪ್ಪಳ ಹೊಳೆಗಳು ಕೆಂಪು ನೀರು ತಂದು ಸುರಿಯುತ್ತವೆ, ಕಡಲ ಕರೆಯ ನೀರಿನ ಉಪ್ಪೇ ಇಳಿದುಹೋಗುತ್ತದೆ. ಅದೇ ಹೊತ್ತಿಗೆ ಅಡಿಕೆ ತೋಟಗಳಲ್ಲಿ ಮೈಲುತುತ್ತು ಬಿಡುತ್ತಾರೆ. ಮೈಲುತುತ್ತು ಅಂದರೆ ತಾಮ್ರ. ಸಿಗಡಿ, ಶಂಖದಹುಳುಗಳಿಗೆ ತಾಮ್ರ ಚೂರು ತಾಗಿದರೂ ವಿಷ. ನಮ್ಮ ಮನೆಯಲ್ಲಿ ಮದ್ದು ಕಲಸುವ ಬಾಲ್ದಿಯನ್ನು ಟ್ಯಾಂಕಿನ ಹತ್ತಿರ ತರುವ ಹಾಗೇ ಇಲ್ಲ, ಎಷ್ಟು ತೊಳೆದರೂ.

ಮಳೆಗಾಲಕ್ಕೆ ಪ್ಯಾಕೆಟ್ ಉಪ್ಪು. ಅಡುಗೆ ಉಪ್ಪಲ್ಲ, ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಸೇರಿದ ಅಕ್ವೇರಿಯಂ ಉಪ್ಪು. ಲೀಟರ್ ಆರ್‌ಒ ನೀರಿಗೆ ಸುಮಾರು 35 ಗ್ರಾಂ ಹಾಕಿ, ಪಂಪ್ ಬಿಟ್ಟು ಒಂದು ದಿನ ತಿರುಗಿಸುತ್ತೇನೆ. ಆಮೇಲೆ ರಿಫ್ರಾಕ್ಟೋಮೀಟರ್, ಅಂದರೆ ನೀರಿನ ಉಪ್ಪು ಎಷ್ಟೆಂದು ನೋಡುವ ಕೈ ಉಪಕರಣ. ಅದರ ಗಾಜಿನ ಮೇಲೆ ಎರಡು ಹನಿ ಬಿಟ್ಟು, ಗುಳ್ಳೆ ಬರದ ಹಾಗೆ ಮುಚ್ಚಳ ಹಾಕಿ, ಬೆಳಕಿಗೆ ಹಿಡಿದು ನೋಡಬೇಕು. ನೀಲಿಯೂ ಬಿಳಿಯೂ ಸೇರುವ ಗೆರೆ ಸಾಂದ್ರತೆಯ ಅಳತೆಯಲ್ಲಿ 1.025ರ ಹತ್ತಿರ ನಿಂತರೆ ಸರಿ.

ದಿನಾ ಆರಿಹೋಗುವ ನೀರಿನ ಜಾಗಕ್ಕೆ ಮಾತ್ರ ಸಿಹಿನೀರನ್ನೇ ಹಾಕಬೇಕು. ಆರುವುದು ನೀರು, ಉಪ್ಪು ಅಲ್ಲೇ ಉಳಿಯುತ್ತದೆ, ಅಲ್ವಾ? 200 ಲೀಟರ್ ನೀರಿನಲ್ಲಿ 7 ಕಿಲೋ ಉಪ್ಪಿರುತ್ತದೆ. ಬೇಸಿಗೆಯಲ್ಲಿ ದಿನಕ್ಕೆ 3 ಲೀಟರ್ ಆರಿ, ಅಷ್ಟೂ ಕಡಲ ನೀರನ್ನೇ ತುಂಬಿಸುತ್ತಾ ಹೋದರೆ ಹತ್ತು ದಿನದಲ್ಲಿ ಇನ್ನೊಂದು ಕಿಲೋ ಸೇರಿತು. ಲೀಟರಿಗೆ 35 ಗ್ರಾಂ ಇದ್ದದ್ದು 40 ಆಯಿತು. ಟ್ಯಾಂಕಿನ ಗಾಜಿಗೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದಿದ್ದೇನೆ, ಬೆಳಿಗ್ಗೆ ಅಲ್ಲಿಯವರೆಗೆ ಆರ್‌ಒ ನೀರು ತುಂಬಿಸಿದರೆ ಮುಗಿಯಿತು. ಬಾವಿ ನೀರು ಹಾಕುವುದಿಲ್ಲ, ಅದರಲ್ಲಿ ಏನೇನಿದೆಯೋ.

ಹೊಸ ಟ್ಯಾಂಕಿಗೆ ಮೀನು ಬಿಡಲು ಅವಸರ ಬೇಡ. ಮೀನಿಗೆ ವಿಷವಾಗುವ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಸಾವಿರ ರೂಪಾಯಿ ಲೈಟಿಗಿಂತ ಮೊದಲು ಇವನ್ನು ಅಳೆಯುವ ಟೆಸ್ಟ್ ಕಿಟ್ ಕೊಳ್ಳಿ. ಮಳೆಗಾಲದ ಕರೆಂಟಿನ ವಿಷಯ ನಿಮಗೆ ಗೊತ್ತೇ ಇದೆ, ಬ್ಯಾಟರಿಯ ಏರ್ ಪಂಪ್ ಒಂದು ಇರಲಿ.

ಗಟ್ಟಿ ಹವಳ, ಕಡಲಕುದುರೆ ಯಾರಾದರೂ ಕೊಡುತ್ತೇನೆ ಅಂದರೆ ತೆಗೆದುಕೊಳ್ಳಬೇಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅವಕ್ಕೆ ರಕ್ಷಣೆ ಇದೆ. ಮೊದಲಿಗೆ ಹ್ಯಾಚರಿಯಲ್ಲಿ ಮರಿ ಮಾಡಿದ ಕ್ಲೌನ್ ಮೀನು ಒಂದು ಜೋಡಿ ಸಾಕು. ಕಡಲಿನಿಂದ ಹಿಡಿದು ತಂದವಕ್ಕಿಂತ ಅವು ಟ್ಯಾಂಕಿಗೂ ಒಣ ಆಹಾರಕ್ಕೂ ಬೇಗ ಹೊಂದಿಕೊಳ್ಳುತ್ತವೆ.