ಮರಣಾನಂತರದ ಆತ್ಮ: ಜರತುಷ್ಟ್ರ ಮತ್ತು ಯೆಹೂದಿ ನಂಬಿಕೆಗಳನ್ನು ಹೋಲಿಸುವ ಬಗೆ

ಕಲಬುರಗಿಯಲ್ಲಿ ಬೆಳೆದವರ ಕಿವಿಗೆ ಲಿಂಗೈಕ್ಯ, ಪುನರ್ಜನ್ಮ, ಕಯಾಮತ್ ಎಂಬ ಮಾತುಗಳು ಚಿಕ್ಕಂದಿನಿಂದಲೇ ಬಿದ್ದಿರುತ್ತವೆ. ಧರ್ಮಗಳ ತೌಲನಿಕ ಅಧ್ಯಯನಕ್ಕೆ ಪ್ರಬಂಧ ಬರೆಯಲು ಕುಳಿತ ನಮ್ಮ ಭಾಗದ ವಿದ್ಯಾರ್ಥಿಗಳು ಮೊದಲು ಈ ಮೂರನ್ನೂ ಪಕ್ಕಕ್ಕಿಟ್ಟು, ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿಕೊಳ್ಳಬೇಕು: ಸತ್ತ ಕೂಡಲೇ ಆತ್ಮಕ್ಕೆ ಏನಾಗುತ್ತದೆ? ಲೋಕದ ಕೊನೆಯಲ್ಲಿ ಏನಾಗುತ್ತದೆ? ಇವೆರಡನ್ನೂ ಬೆರೆಸಿದರೆ ಹೋಲಿಕೆ ಅಲ್ಲಿಗೇ ಕೆಡುತ್ತದೆ.

ಮೊದಲ ಪ್ರಶ್ನೆಗೆ ಪಾರ್ಸಿಗಳ ಜರತುಷ್ಟ್ರ ಧರ್ಮ ಕೊಡುವ ಉತ್ತರ ಸವಿಸ್ತಾರವಾಗಿರುವುದರಿಂದ ಅಲ್ಲಿಂದಲೇ ಆರಂಭಿಸಿರಿ. ಆತ್ಮವು ಮೂರು ರಾತ್ರಿ ದೇಹದ ತಲೆಯ ಬಳಿ ಕುಳಿತಿದ್ದು, ನಾಲ್ಕನೆಯ ದಿನದ ನಸುಕಿನಲ್ಲಿ ಪರಲೋಕಕ್ಕೆ ದಾಟಿಸುವ ಚಿನ್ವತ್ ಸೇತುವೆಗೆ ಬರುತ್ತದೆ. ಮಿಥ್ರ, ಸ್ರೋಷ, ರಶ್ನು ಎಂಬ ಮೂವರು ದೇವತೆಗಳು ವಿಚಾರಣೆ ನಡೆಸುತ್ತಾರೆ. ರಶ್ನುವಿನ ಕೈಯಲ್ಲಿ ತಕ್ಕಡಿ ಇರುತ್ತದೆ. ಸಜ್ಜನರಿಗೆ ಸೇತುವೆ ಅಗಲವಾಗುತ್ತದೆ, ದುರ್ಜನರಿಗೆ ಕತ್ತಿಯ ಅಲಗಿನಷ್ಟು ಕಿರಿದಾಗುತ್ತದೆ. ಅಲ್ಲಿ ಆತ್ಮವನ್ನು ಎದುರುಗೊಳ್ಳುವ ಹೆಣ್ಣು ಬೇರೆ ಯಾರೂ ಅಲ್ಲ, ಅದರ ಸ್ವಂತ ನಡತೆಯೇ. ನಡತೆ ಚೆಲುವಾಗಿದ್ದರೆ ಅವಳೂ ಚೆಲುವೆ. ಈ ಚಿತ್ರದಷ್ಟು ನನ್ನನ್ನು ತಟ್ಟಿದ್ದು ಇಡೀ ವಿಷಯದಲ್ಲಿ ಇನ್ನೊಂದಿಲ್ಲ. ಒಳಿತು ಕೆಡುಕುಗಳು ಸಮತೂಕವಾದವರಿಗೆ ಹಮಿಸ್ತಗಾನ್ ಎಂಬ ನಡುತಾಣವಿದೆ. ಇಸ್ಲಾಮಿನ ಸಿರಾತ್ ಸೇತುವೆಯ ಕಥೆ ಕೇಳಿದವರಿಗೆ ಇದೆಲ್ಲ ಪರಿಚಿತವೆನಿಸಬಹುದು. ಆದರೂ ಆ ಹೋಲಿಕೆಯನ್ನು ಈ ಪ್ರಬಂಧಕ್ಕೆ ಎಳೆತರಬೇಡಿ.

ಯೆಹೂದಿ ಧರ್ಮದ ವಿಷಯಕ್ಕೆ ಬಂದಾಗ, "ಯೆಹೂದಿಗಳು ಹೀಗೆ ನಂಬುತ್ತಾರೆ" ಎಂದು ಬರೆಯದೆ, ಯಾವ ಕಾಲದ ಯಾವ ಗ್ರಂಥ ಎಂಬುದನ್ನು ಪ್ರತಿ ಸಲವೂ ಹೇಳಿರಿ. ಹೀಬ್ರೂ ಬೈಬಲಿನ ಹಳೆಯ ಭಾಗಗಳಲ್ಲಿ ಒಳ್ಳೆಯವರೂ ಕೆಟ್ಟವರೂ ಶೆಯೋಲ್ ಎಂಬ ಒಂದೇ ಪಾತಾಳಕ್ಕೆ ಇಳಿಯುತ್ತಾರೆ. ಕ್ರಿ.ಪೂ. 2ನೆಯ ಶತಮಾನದ ದಾನಿಯೇಲನ ಗ್ರಂಥದ 12ನೆಯ ಅಧ್ಯಾಯದಲ್ಲಿ ಮಾತ್ರ, ಮಣ್ಣಿನಲ್ಲಿ ಮಲಗಿದವರು ಎಚ್ಚರಗೊಳ್ಳುವ ಮಾತು ಸ್ಪಷ್ಟವಾಗಿ ಬರುತ್ತದೆ. ಪ್ರಾಚೀನ ಯೆಹೂದಿ ಪಂಗಡಗಳಲ್ಲಿ ಫರಿಸಾಯರು ಇದನ್ನು ಒಪ್ಪಿದರು, ಸದ್ದುಕಾಯರು ಒಪ್ಪಲಿಲ್ಲ. ಸುಮಾರು ಕ್ರಿ.ಶ. 200ರ ಯೆಹೂದಿ ಧರ್ಮಶಾಸ್ತ್ರ ಸಂಗ್ರಹವಾದ ಮಿಶ್ನಾ, ಗೆಹಿನ್ನೋಮ್ ಎಂಬ ನರಕದಲ್ಲಿ ದುಷ್ಟರಿಗೆ 12 ತಿಂಗಳ ಶಿಕ್ಷೆಯನ್ನು ಹೇಳುತ್ತದೆ. ಮಗನು ತೀರಿಕೊಂಡ ತಂದೆಗಾಗಿ ಹೇಳುವ ಕದ್ದೀಶ್ ಪ್ರಾರ್ಥನೆಯನ್ನು 11 ತಿಂಗಳಿಗೇ ನಿಲ್ಲಿಸುವ ರೂಢಿ ಇದರಿಂದಲೇ ಬಂದಿದೆ. ಪೂರ್ತಿ 12 ತಿಂಗಳು ಹೇಳಿದರೆ ತಂದೆಯನ್ನು ದುಷ್ಟರ ಸಾಲಿಗೆ ಸೇರಿಸಿದಂತಾಗುತ್ತದೆ. ಮುಂದೆ ಕಬ್ಬಾಲಾ ಎಂಬ ಯೆಹೂದಿ ಅನುಭಾವ ಪಂಥದಲ್ಲಿ ಗಿಲ್ಗುಲ್ ಎಂಬ ಪುನರ್ಜನ್ಮದ ಕಲ್ಪನೆಯೂ ಸೇರಿತು.

ಎರಡನೆಯ ಪ್ರಶ್ನೆಯಲ್ಲಿ ಇವೆರಡೂ ಹತ್ತಿರ ಬರುತ್ತವೆ. ಎರಡರಲ್ಲೂ ಸತ್ತವರು ಏಳುತ್ತಾರೆ. ಆದರೆ ಜರತುಷ್ಟ್ರ ಧರ್ಮದಲ್ಲಿ ಎಲ್ಲರೂ ಕರಗಿದ ಲೋಹದ ಹೊಳೆಯನ್ನು ದಾಟಬೇಕು. ಅದು ಸಜ್ಜನರಿಗೆ ಬೆಚ್ಚನೆಯ ಹಾಲಿನಂತಿರುತ್ತದೆ, ಪಾಪಿಗಳನ್ನು ಸುಟ್ಟು ಶುದ್ಧಗೊಳಿಸುತ್ತದೆ.

ಕ್ರಿ.ಪೂ. 539ರಲ್ಲಿ ಪಾರಸಿಕ ದೊರೆ ಸೈರಸ್ ಬ್ಯಾಬಿಲೋನನ್ನು ಗೆದ್ದ ಮೇಲೆ ಯೆಹೂದಿಗಳು ಸುಮಾರು ಎರಡು ಶತಮಾನ ಪಾರಸಿಕ ಆಳ್ವಿಕೆಯಲ್ಲಿದ್ದುದರಿಂದ, ಜರತುಷ್ಟ್ರ ಧರ್ಮ ಯೆಹೂದಿ ನಂಬಿಕೆಯ ಮೇಲೆ ಪ್ರಭಾವ ಬೀರಿತೆಂಬ ಊಹೆ ಸಹಜವೇ. ಆದರೆ ಲೋಹದ ಹೊಳೆಯ ಪೂರ್ಣ ವರ್ಣನೆಯಿರುವ ಬುಂದಹಿಶ್ನ್ ಕ್ರಿ.ಶ. 9ನೆಯ ಶತಮಾನದ ಹೊತ್ತಿಗೆ ರೂಪುಗೊಂಡ ಪಹ್ಲವಿ (ಮಧ್ಯ ಪಾರಸಿಕ ಭಾಷೆಯ) ಗ್ರಂಥ. ಚಿನ್ವತ್ ಸೇತುವೆಯಾದರೋ ಜರತುಷ್ಟ್ರನದೇ ಎನ್ನಲಾಗುವ ಅತಿ ಪ್ರಾಚೀನ ಸ್ತೋತ್ರಗಳಾದ ಗಾಥೆಗಳಲ್ಲಿಯೇ ಇದೆ. ಆದುದರಿಂದ ಗಾಥೆಗಳಲ್ಲಿ ಇರುವುದನ್ನು ಒಂದು ಅಂಕಣದಲ್ಲಿಯೂ ಪಹ್ಲವಿಯಲ್ಲಿ ಮಾತ್ರ ಸಿಗುವುದನ್ನು ಇನ್ನೊಂದರಲ್ಲಿಯೂ ಬರೆದುಕೊಂಡು, ಆಮೇಲೆಯೇ ಪ್ರಭಾವದ ಮಾತೆತ್ತಿರಿ.