ವಿದೇಶದ ಲ್ಯಾಬ್‌ನಲ್ಲಿ ಕೆಲವು ವಾರ: ದುಡ್ಡು ಹೊಂದಿಸುವುದು ಹೇಗೆ?

ಪಿಎಚ್‌ಡಿ ಅರ್ಧಕ್ಕೆ ಬಂದಿರುತ್ತದೆ, ಅಥವಾ ಪೋಸ್ಟ್‌ಡಾಕ್ (ಪಿಎಚ್‌ಡಿ ಆದ ಮೇಲಿನ ಸಂಶೋಧನೆ) ಕೆಲಸ ಈಗಷ್ಟೇ ಶುರುವಾಗಿರುತ್ತದೆ. ಒಂದು ಪ್ರಯೋಗಕ್ಕೆ ಬೇಕಾದ ಉಪಕರಣ ನಿಮ್ಮ ಲ್ಯಾಬ್‌ನಲ್ಲಿ ಇಲ್ಲ, ಗೊತ್ತಿರುವವರೂ ಇಲ್ಲ. ಬೇರೆ ದೇಶದ ಒಂದು ಲ್ಯಾಬ್‌ನಲ್ಲಿ ಅದು ದಿನಾ ಮಾಡುವ ಕೆಲಸ. ಅಲ್ಲಿಗೆ ಹೋಗಿ ಬರಲು ದುಡ್ಡು ಕೊಡುವ ಸಂಸ್ಥೆಗಳು ಜೀವವಿಜ್ಞಾನದಲ್ಲಿ ಸಾಕಷ್ಟಿವೆ. ಟಿಕೆಟ್ ಖರ್ಚು ಕೊಟ್ಟರೂ ಅವರು ತೂಗಿ ನೋಡುವುದು ನಿಮ್ಮ ಪ್ರಯೋಗವನ್ನು. ಅರ್ಜಿಯ ಪ್ರತಿ ಸಾಲನ್ನೂ ಇದನ್ನು ನೆನಪಿಟ್ಟುಕೊಂಡೇ ಬರೆಯಬೇಕು.

ಮೊದಲು ಕಾರಣ

ಫಾರಂ ತೆರೆಯುವ ಮುಂಚೆ ಒಂದು ಕಾಗದದ ಮೇಲೆ ಮೂರು ಉತ್ತರ ಬರೆದುಕೊಳ್ಳಿ. ಯಾವ ಪ್ರಶ್ನೆ? ಯಾವ ವಿಧಾನ? ಅದು ಇಲ್ಲೇ ಯಾಕೆ ಆಗುವುದಿಲ್ಲ?

ಜೀಬ್ರಾಫಿಶ್ ಎಂಬ ಪುಟ್ಟ ಮೀನಿನ ಭ್ರೂಣದಲ್ಲಿ ಹೃದಯದ ಕವಾಟ ಹೇಗೆ ರೂಪುಗೊಳ್ಳುತ್ತದೆ ಎಂದು ನೋಡುತ್ತಿದ್ದೀರಿ ಅಂದುಕೊಳ್ಳಿ. ಗಂಟೆಗಟ್ಟಲೆ ಬಿಡದೆ ಚಿತ್ರ ತೆಗೆಯಬೇಕು. ನಿಮ್ಮಲ್ಲಿರುವ ಕಾನ್‌ಫೋಕಲ್ ಮೈಕ್ರೋಸ್ಕೋಪ್‌ನಲ್ಲಿ ಅಷ್ಟು ಹೊತ್ತು ಲೇಸರ್ ಬಿಟ್ಟರೆ ಭ್ರೂಣಕ್ಕೇ ಪೆಟ್ಟು. ಲೈಟ್-ಶೀಟ್ ಮೈಕ್ರೋಸ್ಕೋಪ್ ನೋಡುತ್ತಿರುವ ಪದರಕ್ಕೆ ಮಾತ್ರ ಬೆಳಕು ಹಾಯಿಸುತ್ತದೆ, ಹಾಗಾಗಿ ಭ್ರೂಣ ತಾಳಿಕೊಳ್ಳುತ್ತದೆ. ಇಷ್ಟು ಬರೆದರೆ ಓದುವವರಿಗೆ ವಿಷಯ ತಿಳಿಯುತ್ತದೆ. ‘ಅದು ಹೆಸರುವಾಸಿ ಲ್ಯಾಬ್, ಅಲ್ಲಿ ಕಲಿಯುವುದು ತುಂಬಾ ಇದೆ’ ಎಂದು ಬರೆದರೆ ಸುಮ್ನೆ ಜಾಗ ದಂಡ. ಅದೇ ಉಪಕರಣ ಪಕ್ಕದ ವಿಭಾಗದಲ್ಲೇ ಇದ್ದರೆ ಅರ್ಜಿ ಹಾಕದಿರುವುದೇ ವಾಸಿ.

ಯಾರನ್ನು ಕೇಳುವುದು?

ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿರುವ ಎಂಬೊ (ಯುರೋಪಿಯನ್ ಮಾಲಿಕ್ಯುಲರ್ ಬಯಾಲಜಿ ಆರ್ಗನೈಸೇಶನ್) ಸಂಸ್ಥೆಯ ಸೈಂಟಿಫಿಕ್ ಎಕ್ಸ್‌ಚೇಂಜ್ ಗ್ರಾಂಟ್ ಅನ್ನು ಮೊದಲು ನೋಡಿ. ಹಿಂದೆ ಇದಕ್ಕೆ ಶಾರ್ಟ್-ಟರ್ಮ್ ಫೆಲೋಶಿಪ್ ಎಂಬ ಹೆಸರಿತ್ತು. ಒಂದು ವಾರದಿಂದ 3 ತಿಂಗಳವರೆಗಿನ ಭೇಟಿಗೆ ಇದು ಸಿಗುತ್ತದೆ. ಯಾವ ದೇಶದಿಂದ ಯಾವ ದೇಶಕ್ಕೆ ಎಂಬುದಕ್ಕೆ ಅವರದೇ ಪಟ್ಟಿ ಇದೆ. ಅದರಲ್ಲಿ ಹೆಚ್ಚಿನವು ಯುರೋಪಿನವು. ಎಂಬೊಗೆ ಹಣ ಕೊಡುವ ದೇಶಗಳ ಕೂಟದಲ್ಲಿ ಭಾರತ 2016ರಲ್ಲಿ ಸಹ-ಸದಸ್ಯ ದೇಶವಾಯಿತು.

ಬ್ರಿಟನ್ನಿನ ದಿ ಕಂಪನಿ ಆಫ್ ಬಯಾಲಜಿಸ್ಟ್ಸ್ 1925ರಲ್ಲಿ ಹುಟ್ಟಿದ್ದು. ಹೆಸರಲ್ಲಿ ಕಂಪನಿ ಇದ್ದರೂ ಲಾಭಕ್ಕಾಗಿ ನಡೆಯುವ ಸಂಸ್ಥೆಯಲ್ಲ. ಡೆವಲಪ್‌ಮೆಂಟ್, ಜರ್ನಲ್ ಆಫ್ ಸೆಲ್ ಸೈನ್ಸ್ ಮುಂತಾದ ಪತ್ರಿಕೆಗಳನ್ನು ಹೊರತರುತ್ತದೆ. ಆ ಪತ್ರಿಕೆಗಳ ಹೆಸರಿನಲ್ಲೇ 3,000 ಪೌಂಡ್‌ವರೆಗಿನ ಟ್ರಾವೆಲಿಂಗ್ ಫೆಲೋಶಿಪ್ ಕೊಡುತ್ತದೆ. ಪಿಎಚ್‌ಡಿ ವಿದ್ಯಾರ್ಥಿಗಳು, ಪೋಸ್ಟ್‌ಡಾಕ್‌ಗಳು ಬೇರೆ ಲ್ಯಾಬ್‌ಗೆ ಹೋಗಿ ಜಂಟಿಯಾಗಿ ಕೆಲಸ ಮಾಡಲು ಈ ದುಡ್ಡು. ನಿಮ್ಮ ಕೆಲಸ ಯಾವ ಪತ್ರಿಕೆಯ ವಿಷಯಕ್ಕೆ ಹೊಂದುತ್ತದೋ ಅಲ್ಲಿಗೇ ಅರ್ಜಿ ಹಾಕಿ. ಕವಾಟದ ಉದಾಹರಣೆ ಡೆವಲಪ್‌ಮೆಂಟ್‌ಗೆ ಸರಿಯಾಗಿ ಕೂರುತ್ತದೆ.

ಬಯೋಕೆಮಿಸ್ಟ್ರಿಯವರು ಐಯುಬಿಎಂಬಿ ಎಂಬ ಅಂತರರಾಷ್ಟ್ರೀಯ ಬಯೋಕೆಮಿಸ್ಟ್ರಿ ಒಕ್ಕೂಟದ ವುಡ್-ವೀಲನ್ ಫೆಲೋಶಿಪ್ ನೋಡಬಹುದು. ಬೋರಿಂಗರ್ ಇಂಗೆಲ್‌ಹೈಮ್ ಫೋಂಡ್ಸ್ ಎಂಬ ಪ್ರತಿಷ್ಠಾನದ ಟ್ರಾವೆಲ್ ಗ್ರಾಂಟ್ ಒಂದು ನಿರ್ದಿಷ್ಟ ವಿಧಾನ ಕಲಿಯಲೆಂದೇ ಇರುವುದು. ಎಲ್ಲಿ ಹಾಕಿದರೂ ಯಾರು ಅರ್ಹರು, ಕೊನೆಯ ದಿನ ಯಾವುದು ಎಂಬುದನ್ನು ಆ ವರ್ಷದ ಪ್ರಕಟಣೆಯಲ್ಲೇ ನೋಡಿ. ಹಳೆಯ ಸೀನಿಯರ್ ಹೇಳಿದ್ದನ್ನು ನಂಬಿ ಕೂರಬೇಡಿ.

ಆ ಲ್ಯಾಬ್‌ನವರಿಗೆ ಮೇಲ್

ಮೊದಲು ನಿಮ್ಮ ಗೈಡ್ ಒಪ್ಪಬೇಕು. ಆಮೇಲೆ ಆ ಲ್ಯಾಬ್‌ನ ಮುಖ್ಯಸ್ಥರಿಗೆ ಚಿಕ್ಕ ಮೇಲ್ ಬರೆಯಿರಿ, ಫೋನ್ ಪರದೆಯಲ್ಲಿ ಒಂದೇ ನೋಟಕ್ಕೆ ಮುಗಿಯುವಷ್ಟು. ಪ್ರಶ್ನೆ, ನಿಮ್ಮ ಕೈಯಲ್ಲಿ ಈಗಾಗಲೇ ಇರುವ ಫಲಿತಾಂಶ, ಎಷ್ಟು ವಾರ, ಯಾವ ಗ್ರಾಂಟ್‌ಗೆ ಅರ್ಜಿ ಹಾಕುತ್ತೀರಿ, ಇಷ್ಟೇ. ಒಂದು ಚಿತ್ರ ಲಗತ್ತಿಸಿದರೆ ಒಳ್ಳೆಯದು.

ಅವರು ಹೂಂ ಅಂದ ಮೇಲೆ ಒಪ್ಪಿಗೆ ಪತ್ರ ಕೇಳಬೇಕು. ‘ಸಂತೋಷದಿಂದ ಬರಮಾಡಿಕೊಳ್ಳುತ್ತೇವೆ’ ಎಂಬ ಎರಡು ಸಾಲಿನಿಂದ ಏನೂ ಪ್ರಯೋಜನವಿಲ್ಲ. ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ಮೈಕ್ರೋಸ್ಕೋಪ್ ವಾರಕ್ಕೆ ಎಷ್ಟು ಹೊತ್ತು ಸಿಗುತ್ತದೆ, ಕಲಿಸುವವರು ಯಾರು, ಅದರ ಬಾಡಿಗೆ ಯಾರ ಲೆಕ್ಕಕ್ಕೆ ಎಂಬುದೆಲ್ಲ ಅದರಲ್ಲಿ ಇರಲಿ. ನೀವೇ ಕರಡು ಬರೆದು ಕಳಿಸಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕೆಲಸ ಕಡಿಮೆಯಾಯಿತು ಎಂದು ಖುಷಿಪಡುವವರೇ ಜಾಸ್ತಿ.

ವಾರಗಳ ಲೆಕ್ಕ

ಅರ್ಜಿಯ ಜೀವ ಇರುವುದು ಇಲ್ಲಿ. ಎಂಟು ವಾರ ಕೇಳಿದರೆ ಎಂಟೂ ವಾರಕ್ಕೆ ಲೆಕ್ಕ ಕೊಡಬೇಕು. ಮೊದಲ ವಾರ ಸುರಕ್ಷತೆಯ ತರಬೇತಿ, ಜೊತೆಗೆ ಅಗರೋಸ್ ಎಂಬ ಜೆಲ್‌ನಲ್ಲಿ ಭ್ರೂಣ ಕೂರಿಸುವ ಅಭ್ಯಾಸ. ಎರಡನೇ ವಾರ ಬೆಳಕು, ವೇಗ ಎಲ್ಲ ಹೊಂದಿಸಿಕೊಳ್ಳುವುದು. ಮೂರರಿಂದ ಆರರವರೆಗೆ ಅಸಲಿ ಪ್ರಯೋಗ. ಏಳನೇ ವಾರವನ್ನು ಕೆಟ್ಟುಹೋದದ್ದನ್ನು ಮತ್ತೆ ಮಾಡಲು ಇಟ್ಟುಕೊಳ್ಳಿ. ಕೊನೆಯ ವಾರ ಡೇಟಾ ವಿಶ್ಲೇಷಣೆಯ ವಿಧಾನ ಕಲಿಯಲು. ‘ಕೆಡಬಹುದು’ ಎಂದು ಬರೆದರೆ ಅಂಕ ಹೋಗುತ್ತದೆ ಎಂಬ ಹೆದರಿಕೆ ಬೇಡ. ಏನೂ ಕೆಡುವುದೇ ಇಲ್ಲ ಎನ್ನುವ ಯೋಜನೆಯನ್ನು ಲ್ಯಾಬ್‌ನಲ್ಲಿ ಕೆಲಸ ಮಾಡಿದವರು ಯಾರೂ ನಂಬುವುದಿಲ್ಲ, ಅಲ್ವಾ?

ಇನ್ನು ಸ್ಯಾಂಪಲ್. ನಿಮ್ಮದೇ ಮೀನಿನ ತಳಿ ಬೇಕೆಂದರೆ ಅದು ನಿಮ್ಮ ಜೊತೆ ವಿಮಾನದಲ್ಲಿ ಬಂದು ಮರುದಿನ ಪ್ರಯೋಗಕ್ಕೆ ಸಿದ್ಧವಾಗುವುದಿಲ್ಲ. ರೋಗ ಹರಡದಂತೆ ಬ್ಲೀಚ್‌ನಲ್ಲಿ ತೊಳೆದ ಭ್ರೂಣಗಳನ್ನಷ್ಟೇ ಒಳಗೆ ಬಿಡುವ ಮೀನುಮನೆಗಳಿವೆ. ಅವನ್ನು ಪ್ರತ್ಯೇಕವಾಗಿಟ್ಟು ಬೆಳೆಸಬೇಕು. ಜೀಬ್ರಾಫಿಶ್ ಬೆಳೆದು ಮೊಟ್ಟೆ ಇಡುವ ಹಂತಕ್ಕೆ ಬರಲು ಸುಮಾರು 3 ತಿಂಗಳು. ಅದಕ್ಕೂ ಮುಂಚೆ ಎರಡೂ ಸಂಸ್ಥೆಗಳ ನಡುವೆ ವಸ್ತು ವರ್ಗಾವಣೆ ಒಪ್ಪಂದಕ್ಕೆ ಸಹಿ ಬೀಳಬೇಕು. ಆಮದು ಪರವಾನಗಿ ಬೇರೆ. ಹೊರಡುವ ತಾರೀಕನ್ನು ತೀರ್ಮಾನಿಸುವುದು ಮೀನು, ವಿಮಾನವಲ್ಲ. ಅಂಗಾಂಶವನ್ನೋ ಪ್ರೋಟೀನನ್ನೋ ಡ್ರೈ ಐಸ್‌ನಲ್ಲಿಟ್ಟು ಒಯ್ಯುವವರು ವಿಮಾನ ಸಂಸ್ಥೆಯ ಒಪ್ಪಿಗೆ ಪಡೆಯಬೇಕು. ಆಗಲೂ ಒಬ್ಬರಿಗೆ 2.5 ಕೆಜಿ ಡ್ರೈ ಐಸ್‌ಗಿಂತ ಹೆಚ್ಚು ಬಿಡುವುದಿಲ್ಲ.

ಬಜೆಟ್, ವೀಸಾ

ಇಂಥ ಗ್ರಾಂಟ್ ಸಾಮಾನ್ಯವಾಗಿ ಓಡಾಟ, ವಸತಿ, ಊಟಕ್ಕೆ. ರಾಸಾಯನಿಕಗಳಿಗೆ, ಲ್ಯಾಬ್ ಬಳಸಲು ಕೊಡುವ ಬೆಂಚ್ ಫೀಗೆ ಅದರಿಂದ ದುಡ್ಡು ಸಿಗದಿರಬಹುದು. ಮುಂಗಡ ಕೊಡುತ್ತಾರೋ, ಬಿಲ್ ತೋರಿಸಿದ ಮೇಲೆ ಕೊಡುತ್ತಾರೋ ಕೇಳಿಕೊಳ್ಳಿ. ಎರಡನೆಯದಾದರೆ ಕೈಯಿಂದ ಹಾಕಲು ದುಡ್ಡು ಬೇಕು. ಸಂಸ್ಥೆಯಿಂದ ಸಾಲದ ರೂಪದಲ್ಲಿ ಮುಂಗಡ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿ. ಆ ತಿಂಗಳುಗಳಲ್ಲಿ ನಿಮ್ಮ ಸ್ಟೈಪೆಂಡ್ ನಿಲ್ಲುವುದಿಲ್ಲ ಎಂಬುದೂ ಬರಹದಲ್ಲಿರಲಿ.

ವೀಸಾದಲ್ಲಿ ಒಂದು ಸಣ್ಣ ಗುಂಡಿ ಇದೆ. ಷೆಂಗೆನ್ ದೇಶಗಳಲ್ಲಿ (ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳು) ಅಲ್ಪಾವಧಿ ವೀಸಾದ ಮೇಲೆ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಇಳಿದ ದಿನವೂ ಹೊರಟ ದಿನವೂ ಲೆಕ್ಕಕ್ಕೆ ಬರುತ್ತವೆ. ಜೂನ್ 1ರಿಂದ ಆಗಸ್ಟ್ 31ರವರೆಗೆ ಎಂದರೆ ಬಾಯಿಮಾತಿಗೆ ಮೂರು ತಿಂಗಳು, ಎಣಿಸಿದರೆ 92 ದಿನ. ಆ 180 ದಿನಗಳೊಳಗೆ ಷೆಂಗೆನ್ ದೇಶದ ಯಾವುದೋ ಸಮ್ಮೇಳನಕ್ಕೆ ಹೋಗಿದ್ದರೆ ಆ ದಿನಗಳೂ ಸೇರುತ್ತವೆ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆಯೂ ಬೇಕು. ಈ ವೀಸಾದಲ್ಲಿ ಲ್ಯಾಬ್ ಕೆಲಸ ಮಾಡಬಹುದೇ ಎಂದು ಆ ವಿಶ್ವವಿದ್ಯಾಲಯದ ಕಚೇರಿಯನ್ನೇ ಕೇಳಿ. ಅಮೆರಿಕಕ್ಕೆ ಜೆ-1 (ವಿನಿಮಯ ಭೇಟಿಯ) ವೀಸಾದಲ್ಲಿ ಹೋಗುವವರಿಗೆ ಆ ಕಡೆಯ ಸಂಸ್ಥೆ ಮೊದಲು ಡಿಎಸ್-2019 ಫಾರಂ ಕಳಿಸಬೇಕು.

ಎರಡು ಕಡೆ ಅರ್ಜಿ ಹಾಕಿದ್ದರೆ ಇಬ್ಬರಿಗೂ ತಿಳಿಸಿ. ಒಂದೇ ಖರ್ಚಿಗೆ ಎರಡು ಕಡೆ ದುಡ್ಡು ತೆಗೆದುಕೊಳ್ಳುವಂತಿಲ್ಲ. ಒಂದು ಕಡೆ ಇಲ್ಲ ಅಂದರೆ ಅದೇ ವಾರಗಳ ಯೋಜನೆಯನ್ನು ಇನ್ನೊಂದು ಕಡೆಯ ನಿಯಮಕ್ಕೆ ಒಗ್ಗಿಸಿ ಕಳಿಸಬಹುದು.

ದುಡ್ಡು ಬಂದ ಮೇಲೆ, ಹೊರಡುವ ಮುಂಚೆಯೇ, ಲೇಖನದಲ್ಲಿ ಯಾರ ಹೆಸರು ಎಲ್ಲಿ ಬರುತ್ತದೆ ಎಂದು ಎರಡೂ ಲ್ಯಾಬ್‌ಗಳು ಮೇಲ್‌ನಲ್ಲಿ ಒಪ್ಪಿಕೊಳ್ಳಲಿ. ಡೇಟಾ ಹೇಗೆ ತರುವುದು ಎಂಬುದನ್ನೂ ಅದರಲ್ಲೇ ಸೇರಿಸಿ. ಲೈಟ್-ಶೀಟ್ ಚಿತ್ರಗಳು ಟೆರಾಬೈಟ್ ಲೆಕ್ಕದಲ್ಲಿ ಬೆಳೆಯುತ್ತವೆ. ಕೊನೆಯ ದಿನ ಸಂಜೆ ಕಾಪಿ ಮಾಡಲು ಕೂತರೆ ವಿಮಾನ ತಪ್ಪುತ್ತದೆ.