ಜಿಡಿಬಿ ಎಲ್ಲಾ ಥ್ರೆಡ್‌ಗಳನ್ನೂ ಹಿಡಿಯುತ್ತಾ? ಎಣಿಸಿ ನೋಡಿ

ಜಿಡಿಬಿ ಅಂದರೆ ಓಡುತ್ತಿರುವ ಪ್ರೋಗ್ರಾಂ ಅನ್ನು ನಡುವೆ ನಿಲ್ಲಿಸಿ ಒಳಗೆ ಏನಾಗುತ್ತಿದೆ ಅಂತ ನೋಡುವ ಡೀಬಗರ್. ಒಮ್ಮೆ ಅದರಲ್ಲಿ ಒಂದು ಲೂಪ್ ಒಳಗೆ ಸುಮ್ನೆ ನೆಕ್ಸ್ಟ್, ನೆಕ್ಸ್ಟ್ (ಮುಂದಿನ ಸಾಲು ಓಡಿಸು) ಅಂತ ಒತ್ತುತ್ತಾ ಕೂತಿದ್ದೆ. 7 ಇದ್ದ ಎಣಿಕೆ ಇದ್ದಕ್ಕಿದ್ದ ಹಾಗೆ 412 ಆಯಿತು. ಅರ್ಧ ದಿನ ನನ್ನ ಕೋಡನ್ನೇ ಬೈದುಕೊಂಡೆ. ಆಮೇಲೆ ಮೇಲಕ್ಕೆ ಸ್ಕ್ರೋಲ್ ಮಾಡಿದಾಗ "ಸ್ವಿಚಿಂಗ್ ಟು ಥ್ರೆಡ್" ಅನ್ನುವ ಸಾಲು ಕಣ್ಣಿಗೆ ಬಿತ್ತು. ಥ್ರೆಡ್ ಅಂದರೆ ಒಂದೇ ಪ್ರೋಗ್ರಾಂ ಒಳಗೆ ಜೊತೆಜೊತೆಯಾಗಿ ಓಡುವ ಕೆಲಸಗಳಲ್ಲಿ ಒಂದು. ನಾನು ಬೇರೆ ಥ್ರೆಡ್‌ಗೆ ಹೋಗಿ ಕೂತಿದ್ದೆ, ಗೊತ್ತೇ ಆಗಿರಲಿಲ್ಲ. ಅಂದಿನಿಂದ ಹೊಸ ಮಷೀನ್ ಅಥವಾ ಹೊಸ ಜಿಡಿಬಿ ಕೈಗೆ ಬಂದರೆ, ಉತ್ತರ ಮೊದಲೇ ಗೊತ್ತಿರುವ ಒಂದು ಪುಟ್ಟ ಪ್ರೋಗ್ರಾಂ ಮೇಲೆ ಅದನ್ನು ಪರೀಕ್ಷಿಸಿಯೇ ಮುಂದಿನ ಕೆಲಸ.

(ಕಮಾಂಡ್‌ಗಳನ್ನು ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲೇ ಮಾಡಿ, ಜಿಡಿಬಿಗೆ ಕನ್ನಡ ಬರಲ್ಲ.)

ಪ್ರೋಗ್ರಾಂ ಇಷ್ಟೇ. ಸಿ ಭಾಷೆಯಲ್ಲಿ "ಟಿಕ್" ಅಂತ ಒಂದು ಫಂಕ್ಷನ್, ಕರೆದಾಗಲೆಲ್ಲ ಒಂದು ಅಟಾಮಿಕ್ (ಹಲವು ಥ್ರೆಡ್ ಒಟ್ಟಿಗೆ ಕೂಡಿಸಿದರೂ ಲೆಕ್ಕ ತಪ್ಪದ) ಕೌಂಟರ್‌ಗೆ 1 ಕೂಡಿಸಬೇಕು. 4 ಥ್ರೆಡ್ ಶುರು ಮಾಡಿ, ಒಂದೊಂದೂ ಟಿಕ್ ಅನ್ನು 1000 ಸಲ ಕರೆಯಲಿ. ಮೇನ್ ಎಲ್ಲದಕ್ಕೂ ಕಾದು ಮುಗಿಸಲಿ. ಡೀಬಗ್ ಮಾಹಿತಿ ಸೇರಿಸಿ, ಆಪ್ಟಿಮೈಸೇಶನ್ ಸೊನ್ನೆಗೆ ಇಳಿಸಿ ಕಂಪೈಲ್ ಮಾಡಿ. ಇಲ್ಲದಿದ್ದರೆ ಕಂಪೈಲರ್ ಟಿಕ್ ಅನ್ನು ಲೂಪ್ ಒಳಗೇ ಸೇರಿಸಿಬಿಡಬಹುದು, ಆಮೇಲೆ ಯಾವ ಲೆಕ್ಕವನ್ನು ನಂಬೋದು?

ಈಗ "ಬ್ರೇಕ್ ಟಿಕ್", ಅಂದರೆ ಟಿಕ್‌ಗೆ ಬಂದಾಗ ನಿಲ್ಲು ಅನ್ನುವ ಗುರುತು, ಇದೇ ಬ್ರೇಕ್‌ಪಾಯಿಂಟ್. ಆಮೇಲೆ "ಇಗ್ನೋರ್ 1 100000", ಅಂದರೆ ಒಂದನೇ ಬ್ರೇಕ್‌ಪಾಯಿಂಟ್ ಒಂದು ಲಕ್ಷ ಸಲ ಬಂದರೂ ನಿಲ್ಲಬೇಡ, ಎಣಿಸುತ್ತಾ ಹೋಗು ಅಂತ. "ರನ್" ಕೊಡಿ. ಸ್ವಲ್ಪ ನಿಧಾನವಾಗಿ ಓಡುತ್ತದೆ, ಗಾಬರಿ ಬೇಡ. ಮುಗಿದ ಮೇಲೆ "ಇನ್ಫೋ ಬ್ರೇಕ್‌ಪಾಯಿಂಟ್ಸ್". ಬ್ರೇಕ್‌ಪಾಯಿಂಟ್ ಎಷ್ಟು ಸಲ ಬಂತು ಅನ್ನುವ ಎಣಿಕೆ ಸರಿಯಾಗಿ 4000 ಇರಬೇಕು. 3999 ಬಂದರೂ ತಪ್ಪೇ, 4001 ಬಂದರೂ ತಪ್ಪೇ. ಒಂದು ಸಲ ಸರಿ ಬಂತು ಅಂತ ಬಿಡಬೇಡಿ, ಹತ್ತು ಸಲ ಓಡಿಸಿ. ಪ್ರತಿ ರನ್‌ಗೂ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ.

ತಪ್ಪೋಕೆ ಅವಕಾಶ ಎಲ್ಲಿದೆ ಅಂತ ಕೇಳಬಹುದು. ಎಕ್ಸ್86 ಪ್ರೊಸೆಸರ್‌ನಲ್ಲಿ ಜಿಡಿಬಿ ನಿಮ್ಮ ಇನ್‌ಸ್ಟ್ರಕ್ಷನ್‌ನ ಮೊದಲ ಬೈಟ್ ತೆಗೆದು ಅಲ್ಲಿ ಹೆಕ್ಸ್ "ಸಿಸಿ" (ಇಲ್ಲಿ ನಿಲ್ಲು ಅನ್ನುವ ಇನ್‌ಸ್ಟ್ರಕ್ಷನ್) ಇಡುತ್ತದೆ. ಥ್ರೆಡ್ ಅಲ್ಲಿಗೆ ಬಂದು ನಿಲ್ಲುತ್ತದೆ. ಮುಂದೆ ಹೋಗಬೇಕಾದರೆ ಹಳೆಯ ಬೈಟ್ ವಾಪಸ್ ಇಟ್ಟು, ಒಂದೇ ಒಂದು ಇನ್‌ಸ್ಟ್ರಕ್ಷನ್ ಓಡಿಸಿ, ಮತ್ತೆ ಸಿಸಿ ಇಡಬೇಕು. ಆ ಕ್ಷಣದಲ್ಲಿ ಇನ್ನೊಂದು ಥ್ರೆಡ್ ಅದೇ ಜಾಗಕ್ಕೆ ಬಂದರೆ? ಬಾಗಿಲು ತೆರೆದಿದೆ, ಆರಾಮಾಗಿ ದಾಟಿ ಹೋಗುತ್ತದೆ. ಅದಕ್ಕೇ ಜಿಡಿಬಿ ಆಗ ಉಳಿದ ಥ್ರೆಡ್‌ಗಳನ್ನು ಹಿಡಿದಿಡುತ್ತದೆ. ಇಲ್ಲವೇ ಇನ್‌ಸ್ಟ್ರಕ್ಷನ್‌ನ ನಕಲನ್ನು ಬೇರೆ ಕಡೆ ಇಟ್ಟು ಅಲ್ಲೇ ಓಡಿಸುತ್ತದೆ. ಇದಕ್ಕೆ ಡಿಸ್‌ಪ್ಲೇಸ್ಡ್ ಸ್ಟೆಪಿಂಗ್ ಅನ್ನುತ್ತಾರೆ. ಹಾಗಾಗಿ ರನ್ ಕೊಡುವ ಮುಂಚೆ "ಸೆಟ್ ನಾನ್-ಸ್ಟಾಪ್ ಆನ್" (ಒಂದು ಥ್ರೆಡ್ ನಿಂತರೂ ಉಳಿದವು ಓಡುತ್ತಿರಲಿ ಅಂತ) ಹಾಕಿ ಇದೇ ಪರೀಕ್ಷೆ ಮತ್ತೆ ಮಾಡಿ. ಇಲ್ಲೂ 4000 ಬರಲೇಬೇಕು.

ಮುಂದಿನದು ಒಂದೇ ಥ್ರೆಡ್‌ಗೆ ಬ್ರೇಕ್‌ಪಾಯಿಂಟ್. ಮೇನ್ 1, ಹಾಗಾಗಿ ಕೆಲಸದ ಥ್ರೆಡ್‌ಗಳು 2ರಿಂದ 5. "ಬ್ರೇಕ್ ಟಿಕ್ ಥ್ರೆಡ್ 2" ಹಾಕಿ ಎಣಿಸೋಣ ಅಂತ ಹೊರಟರೆ ನನ್ನ ಹಾಗೆ ಮೋಸ ಹೋಗುತ್ತೀರಿ. ಥ್ರೆಡ್ ಮುಗಿದ ತಕ್ಷಣ ಜಿಡಿಬಿ ಆ ಬ್ರೇಕ್‌ಪಾಯಿಂಟ್ ಅನ್ನೂ ಅಳಿಸಿಬಿಡುತ್ತದೆ, ಲೆಕ್ಕ ನೋಡೋಕೆ ಏನೂ ಉಳಿಯಲ್ಲ. ಬದಲಿಗೆ ಮಾಮೂಲಿ ಬ್ರೇಕ್‌ಪಾಯಿಂಟ್‌ಗೆ ಷರತ್ತು ಹಾಕಿ: ಡಾಲರ್ ಅಂಡರ್‌ಸ್ಕೋರ್ ಥ್ರೆಡ್ ಅನ್ನುವ ವೇರಿಯೇಬಲ್ 2ಕ್ಕೆ ಸಮ ಇರಬೇಕು ಅಂತ. ಇಗ್ನೋರ್ ಮರೆಯಬೇಡಿ. ಉತ್ತರ 1000.

ಕೋಡಿನ ಬೈಟ್ ಬದಲಿಸದೆ ಪ್ರೊಸೆಸರ್ ಸಹಾಯದಿಂದಲೇ ನಿಲ್ಲಿಸುವ ಹಾರ್ಡ್‌ವೇರ್ ಬ್ರೇಕ್‌ಪಾಯಿಂಟ್ ಬೇಕಿದ್ದರೆ "ಎಚ್‌ಬ್ರೇಕ್". ಎಕ್ಸ್86ನಲ್ಲಿ 4 ಮಾತ್ರ ಸಿಗುತ್ತವೆ. 5ನೆಯದನ್ನು ಬೇರೆ ಜಾಗಕ್ಕೆ ಹಾಕಿದರೆ ಆಗಲೋ ಓಡಿಸುವಾಗಲೋ ತಕರಾರು ಬರಬೇಕು, ಸುಮ್ಮನಿದ್ದರೆ ಅನುಮಾನ ಪಡಿ.

ಇನ್ನು ನನ್ನನ್ನು ಅರ್ಧ ದಿನ ಕಾಡಿದ ವಿಷಯ. ಮಾಮೂಲಾಗಿ, ಅಂದರೆ ನಾನ್-ಸ್ಟಾಪ್ ಆಫ್ ಇದ್ದಾಗ, ಒಂದು ಥ್ರೆಡ್ ನಿಂತರೆ ಎಲ್ಲವೂ ನಿಲ್ಲುತ್ತವೆ. ಆದರೆ ನೀವು ನೆಕ್ಸ್ಟ್ ಒತ್ತಿದಾಗ ಉಳಿದವೂ ಓಡುತ್ತವೆ, ಅವುಗಳಲ್ಲಿ ಯಾವುದಾದರೂ ಬ್ರೇಕ್‌ಪಾಯಿಂಟ್‌ಗೆ ಬಡಿದರೆ ಜಿಡಿಬಿ ನಿಮ್ಮನ್ನು ಅಲ್ಲಿಗೆ ಎಳೆದುಕೊಂಡು ಹೋಗುತ್ತದೆ. ಇಗ್ನೋರ್ ತೆಗೆದು, ಟಿಕ್‌ನಲ್ಲಿ ನಿಂತು, ಇಪ್ಪತ್ತು ಸಲ ನೆಕ್ಸ್ಟ್ ಒತ್ತಿ. ನಡುನಡುವೆ ಬರೀ "ಥ್ರೆಡ್" ಅಂತ ಟೈಪ್ ಮಾಡಿದರೆ ಎಲ್ಲಿದ್ದೀರಿ ಅಂತ ಹೇಳುತ್ತದೆ. ನಂಬರ್ ಬದಲಾಗುತ್ತಿರುತ್ತದೆ. ಈಗ "ಸೆಟ್ ಶೆಡ್ಯೂಲರ್-ಲಾಕಿಂಗ್ ಸ್ಟೆಪ್" (ನೆಕ್ಸ್ಟ್ ಒತ್ತುವಾಗ ಉಳಿದ ಥ್ರೆಡ್‌ಗಳನ್ನು ತಡೆದಿಡು ಅಂತ) ಕೊಟ್ಟು ಮತ್ತೆ ಇಪ್ಪತ್ತು ಸಲ ಒತ್ತಿ. ಈ ಸಲ ನಂಬರ್ ಅಲ್ಲಾಡಬಾರದು.

ಲಾಕಿಂಗ್ ಅನ್ನು ಪೂರ್ತಿ "ಆನ್" ಮಾಡಿ ಇಟ್ಟುಬಿಟ್ಟರೆ ಇನ್ನೊಂದು ತಾಪತ್ರಯ. ಟಿಕ್ ಒಳಗೆ ಒಂದು ಮ್ಯೂಟೆಕ್ಸ್ (ಒಂದು ಸಲಕ್ಕೆ ಒಂದೇ ಥ್ರೆಡ್ ಹಿಡಿಯಬಹುದಾದ ಲಾಕ್) ಹಾಕಿ ನೋಡಿ. ಲಾಕ್ ಹಿಡಿದ ಥ್ರೆಡ್ 3 ಬ್ರೇಕ್‌ಪಾಯಿಂಟ್‌ನಲ್ಲಿ ನಿಂತಿರಲಿ, ನೀವು ಅದೇ ಲಾಕ್‌ಗೆ ಕಾಯುತ್ತಿರುವ ಥ್ರೆಡ್ 2ಕ್ಕೆ ಹೋಗಿ "ಫಿನಿಶ್" ಕೊಡಿ. ಪ್ರಾಂಪ್ಟ್ ವಾಪಸ್ ಬರೋದೇ ಇಲ್ಲ. 3 ಓಡದೆ ಲಾಕ್ ಬಿಡಲ್ಲ, 3ನ್ನು ಓಡಬೇಡ ಅಂದವರು ನೀವೇ ಅಲ್ವಾ? ಕಂಟ್ರೋಲ್-ಸಿ ಒತ್ತಿ, "ಥ್ರೆಡ್ ಅಪ್ಲೈ ಆಲ್ ಬಿಟಿ" ಕೊಟ್ಟು ಯಾರು ಎಲ್ಲಿ ನಿಂತಿದ್ದಾರೆ ನೋಡಿ. ಲಾಕಿಂಗ್ "ಆಫ್" ಮಾಡಿ "ಕಂಟಿನ್ಯೂ" ಅಂದರೆ ಎಲ್ಲವೂ ಮತ್ತೆ ಓಡುತ್ತವೆ.